ಕಸದ ಬಕೆಟ್ ಹಿಡಿದು ಆಫೀಸಿಗೆ

ನಾನು ದಿನಾ ಬೆಳಿಗ್ಗೆ ನೈಟಿಯಲ್ಲಿ ಆಫೀಸಿಗೆ ಹೊರಡುತ್ತೇನೆ. ನೈಟಿಯ ಮೇಲೊಂದು ವೇಲ್, ಕೈಯಲ್ಲಿ ಹಸಿ ಕಸದ ಬಕೆಟ್. ಇದನ್ನು ಓದಿ ನೀವು ನನ್ನ ಬಗ್ಗೆ ಏನೇನೋ ಅಂದುಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ, ಆಫೀಸು ತಲುಪುವಷ್ಟರಲ್ಲಿ ನಾನು ಇಸ್ತ್ರಿ ಮಾಡಿದ ಚೂಡಿದಾರದಲ್ಲಿ, ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡು, ಎಲ್ಲರ ಹಾಗೆಯೇ ಇರುತ್ತೇನೆ. ಬೆಂಗಳೂರಿನಲ್ಲಿ ನೈಟಿಯ ಮೇಲೆ ವೇಲ್ ಹಾಕಿಕೊಂಡರೆ ಹೆಂಗಸು ಪೂರ್ತಿ ಬಟ್ಟೆ ತೊಟ್ಟಳು ಅಂತಲೇ ಲೆಕ್ಕ. ಆ ವೇಷದಲ್ಲಿ ಹಾಲು ತರಬಹುದು, ಸೊಪ್ಪಿನವರ ಹತ್ತಿರ ಚೌಕಾಸಿ ಮಾಡಬಹುದು, ಮಕ್ಕಳನ್ನು ಸ್ಕೂಲ್ ವ್ಯಾನ್ ಹತ್ತಿಸಬಹುದು, ಪಾರ್ಕಿಂಗ್ ವಿಷಯಕ್ಕೆ ಎದುರು ಮನೆಯವರ ಜೊತೆ ಜಗಳವನ್ನೂ ಆಡಬಹುದು. ಆಫೀಸಿಗೆ ಹೋಗುವುದೊಂದು ಬಾಕಿ ಇತ್ತು. ಅದನ್ನು ನಾನು ಶುರು ಮಾಡಿದೆ.

ನಮ್ಮ ಮನೆ ಕತ್ರಿಗುಪ್ಪೆಯಲ್ಲಿ, ಮೊದಲನೇ ಮಹಡಿ. ಕೆಳಗೆ ಮನೆ ಓನರ್ ವಿಮಲಾ ಆಂಟಿ ಮತ್ತು ರಿಟೈರಾದ ಅವರ ಯಜಮಾನರು. ಮೇಲೆ ನಾನು, ನನ್ನ ಗಂಡ, ನಮ್ಮತ್ತೆ ಮತ್ತು ಇನ್ನೇನು ಮೂರು ತುಂಬಲಿರುವ ಮಗಳು ಚಿನ್ನಿ. ನನ್ನ ಆಫೀಸು ಬಿಳೇಕಹಳ್ಳಿಯ ಕಡೆ. ಅಲ್ಲಿ ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ, ಅಂದರೆ ಬೇರೆಯವರು ಕಷ್ಟಪಟ್ಟು ಮಾಡಿದ ಕೆಲಸದಲ್ಲಿ ಎಲ್ಲೆಲ್ಲಿ ತೂತಿದೆ ಎಂದು ಹುಡುಕುತ್ತೇನೆ. ಮದುವೆಯಾದ ಹೊಸದರಲ್ಲಿ ಇದನ್ನು ನಮ್ಮತ್ತೆಗೆ ವಿವರಿಸಿದಾಗ ಅವರು ಬಟಾಣಿ ಸುಲಿಯುತ್ತಾ, "ಇದಕ್ಕೆ ಸಂಬಳ ಬೇರೆ ಕೊಡ್ತಾರಾ? ನಮ್ಮತ್ತೆ ಜೀವಮಾನವಿಡೀ ಪುಕ್ಕಟೆ ಮಾಡಿದ್ರು" ಎಂದಿದ್ದರು. ಆ ಮಾತಿನಲ್ಲಿ ನನಗೂ ಏನಾದರೂ ಇತ್ತೇ ಎಂದು ಆಗ ಯೋಚಿಸಿದ್ದುಂಟು. ಈಗ ಯೋಚಿಸಲು ಪುರುಸೊತ್ತಿಲ್ಲ.

ನನ್ನ ತೊಂದರೆ ಇಷ್ಟೇ, ನಾನು ಹೊರಟರೆ ಚಿನ್ನಿ ಅಳುತ್ತಿದ್ದಳು. ಅವಳಪ್ಪ ಹೊರಟರೆ ಅಳುತ್ತಿರಲಿಲ್ಲ. ಅವರು ಎಲ್ಲರೆದುರೇ ಶೂ ಹಾಕಿಕೊಂಡು, ಬ್ಯಾಗು ಏರಿಸಿಕೊಂಡು, "ಚಿನ್ನೀ, ಟಾಟಾ" ಎನ್ನುತ್ತಿದ್ದರು. ಅವಳು ಆಟದ ಸಾಮಾನಿನಿಂದ ತಲೆ ಕೂಡ ಎತ್ತದೆ, "ಟಾಟಾ ಅಪ್ಪ" ಎನ್ನುತ್ತಿದ್ದಳು. ಅಷ್ಟಕ್ಕೇ ಅವರ ಪಿತೃತ್ವದ ಆ ದಿನದ ಪರೀಕ್ಷೆ ಪಾಸು. ನಾನು ಐಡಿ ಕಾರ್ಡಿನ ಟ್ಯಾಗ್ ಮುಟ್ಟಿದರೆ ಸಾಕು, ಒಳಗಿನ ರೂಮಿನಿಂದ ಓಡಿ ಬಂದು ಕಾಲು ತಬ್ಬಿಕೊಳ್ಳುತ್ತಿದ್ದಳು. ಆ ಅಳು ಮೂರು ಮನೆ ದಾಟಿ ಕೇಳುತ್ತಿತ್ತು. "ನೀನು ಮುಖ ಸಣ್ಣ ಮಾಡ್ಕೊಂಡು ಹೊರಡ್ತೀಯ, ಅದಕ್ಕೇ ಅವಳು ಅಳೋದು" ಎಂದರು ನನ್ನ ಗಂಡ. ಅವರ ಜೊತೆ ಎರಡು ದಿನ ಮಾತು ಬಿಟ್ಟೆ.

ಕದ್ದು ಹೋಗುವ ಉಪಾಯಗಳೆಲ್ಲ ಮುಗಿದಿದ್ದವು. ನಾನೇ ಅತ್ತೆಯನ್ನು ಬೇಡಿಕೊಂಡು, ಹಿಂದಿನ ಬಾಲ್ಕನಿಯಲ್ಲಿ ಮಗುವಿಗೆ ಕಾಗೆ ತೋರಿಸಲು ಕಳಿಸಿ, ಮುಂದಿನ ಬಾಗಿಲಿನಿಂದ ಜಾರಿಕೊಳ್ಳುತ್ತಿದ್ದೆ. ಒಂದು ವಾರ ನಡೆಯಿತು. ಆಮೇಲೆ ಯಾರಾದರೂ "ಕಾಗೆ ನೋಡೋಣ ಬಾ" ಎಂದರೆ ಅಲ್ಲೇ ಅಳು ಶುರು. ಪಾಪ, ಮೊದಲೇ ಹೆಸರು ಕೆಟ್ಟ ಪಕ್ಷಿ. ಅತ್ತೆಗೆ ಈ ಕಳ್ಳಾಟ ಯಾವುದೂ ಒಪ್ಪಿಗೆಯಿರಲಿಲ್ಲ. "ಹೇಳಿ ಹೋಗಮ್ಮ. ಮಕ್ಕಳಿಗೆ ಎಲ್ಲಾ ಗೊತ್ತಾಗುತ್ತೆ" ಎನ್ನುತ್ತಿದ್ದರು. ಅವರ ಕಾಲದ ಮಕ್ಕಳು ಬೇರೆ, ಈ ಕಾಲದ ಮಕ್ಕಳು ಬೇರೆ ಎಂದು ಫೋನಿನಲ್ಲಿ ಓದಿದ್ದ ನಾನು, ಅವರ ಮಾತಿಗೆ ಸುಮ್ಮನೆ ತಲೆಯಾಡಿಸುತ್ತಿದ್ದೆ.

ಅಳು ಅವಳೊಬ್ಬಳದೇ ಆಗಿದ್ದರೆ ಹೇಗೋ ಆಗುತ್ತಿತ್ತು. ಆಟೋದಲ್ಲಿ ಕೂತ ಮೇಲೆ ನಾನೂ ಅಳುತ್ತಿದ್ದೆ. ಬನಶಂಕರಿ ಸಿಗ್ನಲ್‌ಗೆ ಬರುವಷ್ಟರಲ್ಲಿ ಕಾಡಿಗೆಯೆಲ್ಲ ಕೆನ್ನೆಗೆ ಇಳಿದಿರುತ್ತಿತ್ತು. ಒಂದು ದಿನ ಆಟೋದವರು ಕನ್ನಡಿಯಲ್ಲಿ ನೋಡಿ, "ಯಾಕ್ ಮೇಡಂ, ಮನೇಲಿ ಏನಾದ್ರೂ ಆಯ್ತಾ? ಆಸ್ಪತ್ರೆ ಕಡೆ ಬಿಡ್ಲಾ?" ಎಂದರು. "ಇಲ್ಲ ಅಣ್ಣ, ಆಫೀಸಿಗೆ ಹೋಗ್ತಿದೀನಿ" ಎಂದೆ. "ಓ, ಸರಿ ಸರಿ" ಎಂದು ಗೇರ್ ಹಾಕಿದರು. ಆಫೀಸಿಗೆ ಹೋಗುವವರು ಅಳುವುದು ಅವರಿಗೆ ಸಹಜವಾಗಿಯೇ ಕಂಡಿರಬೇಕು.

ದಿನಾ ತಡವಾಗತೊಡಗಿತು. ಬೆಳಗಿನ ಮೀಟಿಂಗಿಗೆ ನಾನು ಸೇರುವ ಹೊತ್ತಿಗೆ ಎಲ್ಲರೂ ಎದ್ದು ಕಾಫಿಗೆ ಹೊರಟಿರುತ್ತಿದ್ದರು. ಮ್ಯಾನೇಜರ್ ಒಳ್ಳೆಯವರು, ಅವರಿಗೂ ಮಕ್ಕಳಿವೆ. ಆದರೂ ಒಮ್ಮೆ ಕರೆದು, "ಹೀಗೇ ಆದ್ರೆ ಕಷ್ಟ ಆಗುತ್ತೆ, ಏನಾದ್ರೂ ಒಂದು ದಾರಿ ಮಾಡ್ಕೊಳಿ" ಎಂದರು. ನನಗೆ ನನ್ನ ಕೆಲಸ ಇಷ್ಟ. ಪುಟ್ಟ ಮಗುವಿನ ತಾಯಿ ಹೀಗೆ ಹೇಳಿದರೆ ಒಂದು ಥರಾ ನೋಡುವವರಿದ್ದಾರೆ, ನೋಡಲಿ. ಅಷ್ಟು ಇಷ್ಟದ ಕೆಲಸವನ್ನೂ ಬಿಟ್ಟುಬಿಡೋಣ ಎನ್ನುವ ಮಟ್ಟಕ್ಕೆ ನಾನು ಬಂದಿದ್ದೆ. ಅಳು ನಿಲ್ಲಬೇಕು, ಇಲ್ಲವೇ ಕೆಲಸ ನಿಲ್ಲಬೇಕು ಎಂದು ಗಂಡನಿಗೂ ಹೇಳಿಯಾಗಿತ್ತು.

ಆಗ ನನ್ನನ್ನು ಕಾಪಾಡಿದ್ದು ಕಸದ ಗಾಡಿ. ಒಂದು ಬೆಳಿಗ್ಗೆ ಬೀದಿಯಲ್ಲಿ ಗಾಡಿಯ ಸದ್ದು ಕೇಳಿಸಿತು. ನೈಟಿಯಲ್ಲಿದ್ದವಳು ಹಾಗೆಯೇ ಬಕೆಟ್ ಹಿಡಿದು, "ಚಿನ್ನೀ, ಕಸ ಹಾಕಿ ಬರ್ತೀನಿ" ಎಂದು ಓಡಿದೆ. ಕಸ ಹಾಕಿದ ಮೇಲೆ ಹೊಳೆಯಿತು, ಮಗು ಅತ್ತಿರಲಿಲ್ಲ. ಕಾಲು ತಬ್ಬಿರಲಿಲ್ಲ. "ಹೂಂ" ಎಂದು ತನ್ನ ಪಾಡಿಗೆ ಇಡ್ಲಿ ತಿನ್ನುತ್ತಿದ್ದಳು. ನೈಟಿಯಲ್ಲಿರುವ ಅಮ್ಮ ಎಲ್ಲಿಗೂ ಹೋಗುವುದಿಲ್ಲ ಎನ್ನುವುದು ಅವಳ ನಂಬಿಕೆ. ಇಂಥ ನಂಬಿಕೆಗಳ ಲಾಭ ಪಡೆಯುವುದೇ ನನ್ನ ಕಸುಬು.

ಮರುದಿನವೇ ವಿಮಲಾ ಆಂಟಿಯ ಹತ್ತಿರ ಮಾತಾಡಿದೆ. ರಾತ್ರಿಯೇ ನನ್ನ ಚೂಡಿದಾರ, ಚಪ್ಪಲಿ, ಬ್ಯಾಗು, ಐಡಿ ಕಾರ್ಡು ಅವರ ಮನೆಗೆ ಇಳಿಯುತ್ತವೆ. ಬೆಳಿಗ್ಗೆ ಗಾಡಿ ಬಂದಾಗ ನಾನು ನೈಟಿಯಲ್ಲಿ ಬಕೆಟ್ ಹಿಡಿದು ಇಳಿಯುತ್ತೇನೆ, ಕಸ ಹಾಕುತ್ತೇನೆ, ಅವರ ಮನೆಯ ಹಿಂದಿನ ರೂಮಿನಲ್ಲಿ ಬಟ್ಟೆ ಬದಲಿಸಿ, ಗೇಟಿನಲ್ಲಿ ಆಟೋ ಹತ್ತುತ್ತೇನೆ. ಖಾಲಿ ಬಕೆಟ್ಟನ್ನೂ ಬಿಚ್ಚಿಟ್ಟ ನೈಟಿಯನ್ನೂ ಅತ್ತೆ ಆಮೇಲೆ ಬಂದು ಒಯ್ಯುತ್ತಾರೆ. "ಮಾಡ್ಕೊಳಮ್ಮ, ನಮ್ದೇನು ಹೋಗುತ್ತೆ" ಎಂದರು ಆಂಟಿ. ನಾನು ಹಾಲ್ ದಾಟುವಾಗ ಅಂಕಲ್ ಪೇಪರನ್ನು ಒಂದು ಗೇಣು ಮೇಲಕ್ಕೆತ್ತಿಕೊಳ್ಳುತ್ತಿದ್ದರು. ಪಾಪ, ಎಷ್ಟೋ ದಿನ ಅವರು ಅದನ್ನು ತಲೆಕೆಳಗಾಗಿ ಹಿಡಿದಿದ್ದನ್ನು ನಾನು ನೋಡಿದ್ದೇನೆ.

ಯೋಜನೆ ಯಶಸ್ವಿಯಾಯಿತು. ಮೊದಲ ದಿನ ಹೇಗಾಯಿತೋ ಎಂದು ಮಧ್ಯಾಹ್ನ ಫೋನ್ ಮಾಡಿದರೆ ಅತ್ತೆ, "ಆಟ ಆಡ್ತಿದ್ದಾಳೆ, ನೀನು ಕೆಲಸ ನೋಡ್ಕೊ" ಎಂದರು. ಎರಡನೇ ದಿನವೂ ಅಷ್ಟೇ. ವಾರವಾಯಿತು, ತಿಂಗಳಾಯಿತು, ಅಳುವಿನ ಸುದ್ದಿಯೇ ಇಲ್ಲ. ನಾನು ಮೀಟಿಂಗಿಗೆ ಎಲ್ಲರಿಗಿಂತ ಮೊದಲೇ ಹೋಗಿ ಕೂರತೊಡಗಿದೆ. ಊಟದ ಹೊತ್ತಿನಲ್ಲಿ ಸಹೋದ್ಯೋಗಿಗಳಿಗೆ ನನ್ನ ಉಪಾಯ ವರ್ಣಿಸಿದೆ. ಹುಳಿಮಾವಿನಿಂದ ಬರುವ ಒಬ್ಬಳಿಗೆ ಎಂಟು ತಿಂಗಳ ಮಗುವಿತ್ತು, ಅವಳು ಅನ್ನ ಕಲಸುವುದನ್ನೂ ಬಿಟ್ಟು ಕೇಳಿದಳು. ಒಂದೇ ಒಂದು ಅವಘಡವಾಯಿತು. ಒಂದು ದಿನ ಏನೋ ಯೋಚನೆಯಲ್ಲಿ ಬಕೆಟ್ಟನ್ನೂ ಹಿಡಿದುಕೊಂಡೇ ಆಟೋ ಹತ್ತಿಬಿಟ್ಟೆ. ನೋಡಿದ್ದು ಆಫೀಸಿನ ಗೇಟಿನಲ್ಲಿ. ಬ್ಯಾಗು ತಪಾಸಣೆ ಮಾಡುವ ಸೆಕ್ಯುರಿಟಿಯವರು ಅದನ್ನೂ ಮುಚ್ಚಳ ತೆಗೆದು ನೋಡಿ, "ಇದೂ ನಿಮ್ದೇನಾ ಮೇಡಂ?" ಎಂದರು. ಅವತ್ತು ನನ್ನ ಮೇಜಿನ ಕೆಳಗೆ ಅದು ಸಂಜೆಯವರೆಗೂ ಕೂತಿತ್ತು, ಪಕ್ಕದವರು ಯಾಕೋ ಕ್ಯಾಂಟೀನಿನಲ್ಲಿ ಕೂತು ಕೆಲಸ ಮಾಡಿದರು.

ಸಂಜೆ ಮನೆಗೆ ಬಂದರೆ ನನ್ನ ನೈಟಿ ಮಂಚದ ಮೇಲೆ ಮಡಚಿಟ್ಟಿರುತ್ತಿತ್ತು. ಮಡಚಿಟ್ಟಿರುತ್ತಿತ್ತು ಎನ್ನುವುದಕ್ಕಿಂತ ಸುತ್ತಿಟ್ಟಿರುತ್ತಿತ್ತು ಎನ್ನಬೇಕು, ತೋಳು ಒಂದು ಕಡೆ, ಅಂಚು ಇನ್ನೊಂದು ಕಡೆ. ಅತ್ತೆಗೆ ವಯಸ್ಸಾಯಿತು, ಕೈ ಮೊದಲಿನ ಹಾಗೆ ಓಡುವುದಿಲ್ಲ ಎಂದುಕೊಂಡು ನಾನೇ ಸರಿಯಾಗಿ ಮಡಚಿಡುತ್ತಿದ್ದೆ. ಬೆಳಿಗ್ಗೆ ನೈಟಿಯಲ್ಲಿ ಕಸ ಹಾಕಲು ಹೋದ ಅಮ್ಮ ಸಂಜೆ ಚೂಡಿದಾರದಲ್ಲಿ ಬ್ಯಾಗು ಹಿಡಿದು ವಾಪಸು ಬರುತ್ತಾಳೆ, ಇದನ್ನು ಮಗು ಏನೆಂದುಕೊಳ್ಳುತ್ತದೆ ಎಂದು ತೂತು ಹುಡುಕುವವಳಿಗೆ ಒಂದು ದಿನವೂ ಹೊಳೆಯಲಿಲ್ಲ.

ಈ ನಡುವೆ ಚಿನ್ನಿಯನ್ನು ಪ್ಲೇ ಹೋಮಿಗೆ ಸೇರಿಸಲು ಅತ್ತೆಯನ್ನೂ ಕರೆದುಕೊಂಡು ಹೋದೆವು. ಅಲ್ಲಿನ ಟೀಚರ್ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅಪ್ಪ ಎಲ್ಲಿಗೆ ಹೋಗ್ತಾರೆ?" ಎಂದರು. "ಆಫೀಸಿಗೆ." "ಅಮ್ಮ?" ಚಿನ್ನಿ ಒಮ್ಮೆ ಅಜ್ಜಿಯ ಮುಖ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. "ಅಮ್ಮ ಕಸ ಹಾಕ್ತಾಳೆ." ಟೀಚರ್ ನನ್ನ ಕೈ ಮುಟ್ಟಿ, "ಯಾವ ಕೆಲಸವೂ ಚಿಕ್ಕದಲ್ಲ ಮೇಡಂ" ಎಂದರು. ನನ್ನ ಗಂಡ ಗೋಡೆಯ ಮೇಲಿನ ಆನೆಯ ಚಿತ್ರ ನೋಡುತ್ತಾ ನಿಂತಿದ್ದರು, ಬೆನ್ನು ಮಾತ್ರ ಅಲುಗುತ್ತಿತ್ತು. ನನಗೆ ನಾಚಿಕೆಯಾಯಿತು, ನಿಜ. ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಯೋಜನೆ ಅಷ್ಟು ಗಟ್ಟಿಯಾಗಿತ್ತು.

ಹೋದ ತಿಂಗಳು ಒಂದು ದಿನ ರಜೆ ಹಾಕಿದೆ. ಯಾರಿಗೂ ಹೇಳಿರಲಿಲ್ಲ, ಚಿನ್ನಿಯನ್ನು ಜಯನಗರಕ್ಕೆ ಕರೆದುಕೊಂಡು ಹೋಗಿ ಹೊಸ ಚಪ್ಪಲಿ ಕೊಡಿಸುವ ಆಸೆ. ಗಾಡಿ ಬಂತು, ಎಂದಿನ ಹಾಗೆ "ಕಸ ಹಾಕಿ ಬರ್ತೀನಿ" ಎಂದೆ. ಈ ಮಾತನ್ನು ಅಂದು ಎಷ್ಟೋ ದಿನಗಳ ನಂತರ ನಿಜವಾಗಿ ಹೇಳಿದ್ದೆ. ಕಸ ಹಾಕಿ, ಆಂಟಿಯ ಮನೆಗೆ ಹೋಗದೆ, ಖಾಲಿ ಬಕೆಟ್ ಹಿಡಿದು ಸೀದಾ ಮೆಟ್ಟಿಲು ಹತ್ತಿ ಬಂದೆ. ಬಾಗಿಲು ತೆರೆದೇ ಇತ್ತು. ಅಜ್ಜಿ ಮೊಮ್ಮಗಳಿಬ್ಬರೂ ನನಗೆ ಬೆನ್ನು ಹಾಕಿ ರಸ್ತೆಯ ಕಡೆಯ ಕಿಟಕಿಯಲ್ಲಿ ನಿಂತಿದ್ದರು. ಚಿನ್ನಿ ಸ್ಟೂಲಿನ ಮೇಲೆ, ಕಿಟಕಿ ಸರಳು ಹಿಡಿದುಕೊಂಡು. ಅದು ಅವರ ದಿನನಿತ್ಯದ ಜಾಗ ಎನ್ನುವುದು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ಅಜ್ಜೀ, ಅಮ್ಮ ಇನ್ನೂ ಬಂದಿಲ್ಲ."

"ಬಟ್ಟೆ ಹಾಕ್ಕೋತಿರ್ತಾಳೆ ಇರು ಪುಟ್ಟ."

"ಆಫೀಸಿಗೆ ಲೇಟಾಗುತ್ತೆ. ಆಟೋನೂ ಬಂದಿಲ್ಲ."

ನನ್ನ ಕೈಯಿಂದ ಬಕೆಟ್ ಜಾರಿತು. ಇಬ್ಬರೂ ತಿರುಗಿದರು. ಚಿನ್ನಿ ನನ್ನನ್ನು, ನನ್ನ ನೈಟಿಯನ್ನು ನೋಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅತ್ತೆ ಸೆರಗು ಸರಿಮಾಡಿಕೊಂಡು, "ಆಫೀಸಿಲ್ವಾ ಇವತ್ತು?" ಎಂದರು.

"ಇವಳಿಗೆ ಗೊತ್ತಾ?"

"ಗೊತ್ತಿಲ್ದೆ ಏನಮ್ಮ, ಗೇಟು ಇಲ್ಲಿಂದ ಕಾಣುತ್ತೆ. ಮೊದಲನೇ ದಿನವೇ ನೋಡಿದ್ಳು. ಒಂದ್ ಸ್ವಲ್ಪ ಅತ್ತಳು. ಅಮ್ಮ ಆಫೀಸಿಗೆ ಹೋಗಿದ್ದಾಳೆ, ಸಂಜೆ ಬರ್ತಾಳೆ ಅಂತ ಹೇಳ್ದೆ. ಸಂಜೆ ನೀನು ಬಂದೆ. ಆಮೇಲೆ ಅಳ್ಲೇ ಇಲ್ಲ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ ನೀವು?"

ಅತ್ತೆ ಬಿದ್ದ ಬಕೆಟ್ ಎತ್ತಿ ಮೂಲೆಗಿಟ್ಟರು. "ನೀನು ನಗ್‌ನಗ್ತಾ ಹೋಗ್ತಿದ್ದೆ. ಕೆಲಸ ಬಿಡ್ತೀನಿ ಅಂತಿದ್ದವಳು ನೆಟ್ಟಗೆ ಹೋಗ್ತಿದ್ದಾಳೆ, ಸುಮ್ನೆ ಯಾಕೆ ಕೆಡಿಸೋದು ಅಂತ. ಮಗೂಗೂ ಹೇಳಿದ್ದೆ, ನೀನು ಅತ್ತರೆ ಅಮ್ಮನೂ ಅಳ್ತಾಳೆ, ಅದಕ್ಕೇ ಅವಳು ಕಸದ ಆಟ ಆಡ್ತಾಳೆ, ನಿನಗೆ ಗೊತ್ತಿದೆ ಅಂತ ಅವಳಿಗೆ ಹೇಳ್ಬೇಡ ಅಂತ."

ಖಾಲಿ ಬಕೆಟ್ ತರಲು ಇಬ್ಬರೂ ಒಟ್ಟಿಗೇ ಹೋಗುತ್ತಿದ್ದರಂತೆ. ಬಕೆಟ್ ಅಜ್ಜಿಯದು, ನೈಟಿ ಚಿನ್ನಿಯದು. ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದು, ಮಂಚದ ಮೇಲೆ ಹಾಕಿ, ತಾನೇ ಮಡಚಬೇಕು ಎಂದು ಹಟ. ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲವಂತೆ. ಸಂಜೆ ನಾನು ಬಿಚ್ಚಿ ಮತ್ತೆ ಸರಿಯಾಗಿ ಮಡಚುತ್ತಿದ್ದುದನ್ನು ನೆನೆಸಿಕೊಂಡೆ. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ, ಚೆನ್ನಾಗಿಯೇ ಅತ್ತುಬಿಟ್ಟೆ.

ಚಿನ್ನಿ ಸ್ಟೂಲಿನಿಂದ ಇಳಿದು ನನ್ನ ಮುಖದ ಹತ್ತಿರ ಬಗ್ಗಿ ನೋಡಿ, ಅಜ್ಜಿಯ ಕಡೆ ತಿರುಗಿದಳು. "ನೋಡಿದ್ಯಾ ಅಜ್ಜಿ, ಅಳ್ತಾಳೆ."

ಮರುದಿನ ಎಲ್ಲ ಕಳ್ಳಾಟಕ್ಕೂ ಮಂಗಳ ಹಾಡಿ, ಮನೆಯಲ್ಲೇ ಚೂಡಿದಾರ ಹಾಕಿಕೊಂಡು, ಐಡಿ ಕಾರ್ಡು ಕೊರಳಿಗೇರಿಸಿ, ದೊಡ್ಡವಳ ಹಾಗೆ, "ಚಿನ್ನೀ, ಆಫೀಸಿಗೆ ಹೋಗಿ ಬರ್ತೀನಿ" ಎಂದೆ. ಅವಳು ಗಾಬರಿಯಾಗಿ ನನ್ನ ಕಾಲು ತಬ್ಬಿಕೊಂಡು ಮೂರು ಮನೆ ದಾಟಿ ಕೇಳುವಂತೆ ಅತ್ತಳು. ನಾನು ಹೋಗುವುದಕ್ಕಲ್ಲ. ನೈಟಿ ಇಲ್ಲ, ಬಕೆಟ್ ಇಲ್ಲ, ಸಂಜೆಗೆ ಮಡಚಿಡಲು ಏನೂ ಇಲ್ಲ, ಆದ್ದರಿಂದ ಈ ಹೋಗುವುದು ಸರಿಯಿಲ್ಲ ಎನ್ನುವುದು ಅವಳ ತಕರಾರು. ಕೊನೆಗೆ ಚೂಡಿದಾರದ ಮೇಲೆಯೇ ನೈಟಿ ಏರಿಸಿಕೊಂಡು, ಬಕೆಟ್ ಹಿಡಿದು ಇಳಿದೆ. ಅಂಕಲ್ ಪೇಪರ್ ಎತ್ತಿಕೊಂಡರು.

ಹಾಗಾಗಿ ಈಗಲೂ ದಿನಾ ನೈಟಿಯಲ್ಲೇ ಹೊರಡುತ್ತೇನೆ. ಒಂದು ನಿಯಮ ಮಾತ್ರ ಹೊಸದು, ಚಿನ್ನಿಯೇ ಮಾಡಿದ್ದು. ಗೇಟಿನ ಹತ್ತಿರ ನಾನು ತಲೆಯೆತ್ತಿ ಕಿಟಕಿಯ ಕಡೆ ನೋಡಬಾರದು, ನೋಡಿದರೆ ನನಗೆ ಅಳು ಬರುತ್ತದಂತೆ. ಇವತ್ತೂ ನೋಡಲಿಲ್ಲ. ಬಕೆಟ್ ಇಟ್ಟೆ, ಬಟ್ಟೆ ಬದಲಿಸಿದೆ, ತಲೆ ತಗ್ಗಿಸಿಕೊಂಡು ಬಂದು ಆಟೋದಲ್ಲಿ ಕೂತೆ. ಬನಶಂಕರಿ ಸಿಗ್ನಲ್‌ನಲ್ಲಿ ಆಟೋದವರು ಕನ್ನಡಿಯಲ್ಲಿ ನೋಡಿ ಕೇಳಿದರು, "ಯಾಕ್ ಮೇಡಂ, ಮನೇಲಿ ಏನಾದ್ರೂ ಆಯ್ತಾ?"