ಬೀಗರ ಎದುರಿಗೆ ಡೀಸೆಲ್ ಪ್ರವೇಶ

ನಮ್ಮ ಮನೆಯಲ್ಲಿ ಕುಡಿತದ ಚಟ ಇದ್ದದ್ದು ಒಬ್ಬರಿಗೇ. ಅದು ನಮ್ಮ ಯಜಮಾನರಿಗಲ್ಲ, ಅವರ ಪಿಕಪ್ಪಿಗೆ. ಹೊಟ್ಟೆ ತುಂಬ ಪೆಟ್ರೋಲು ಕುಡಿದು ಹೊರಟರೂ ಗೂಡಲೂರು ಬಜಾರಿಗೆ ಹೋಗಿ ಬರುವಷ್ಟರಲ್ಲಿ ಮತ್ತೆ ಬಾಯಿ ತೆರೆದುಕೊಂಡು ನಿಲ್ಲುತ್ತಿತ್ತು. ನಾಲ್ಕೂ ಚಕ್ರಕ್ಕೆ ಶಕ್ತಿ ಹರಿಯುವ ಗಾಡಿ ಎಂಬುದೊಂದೇ ಅದರ ಹೆಗ್ಗಳಿಕೆ. (ಹಾಗಾದರೆ ಉಳಿದವರ ಗಾಡಿಯಲ್ಲಿ ಎರಡು ಚಕ್ರ ಸುಮ್ಮನೆ ಕೂತಿರುತ್ತವೆಯೇ ಎಂದು ಮದುವೆಯಾದ ಹೊಸದರಲ್ಲಿ ಕೇಳಿ, ಊಟ ಆರುವಷ್ಟು ದೊಡ್ಡ ಭಾಷಣ ಕೇಳಿಸಿಕೊಂಡಿದ್ದೇನೆ. ಅಂದಿನಿಂದ ಗಾಡಿಯ ಮಾತು ಬಂದರೆ ನನ್ನ ಕಿವಿಗೆ ನಾನೇ ಬೀಗ ಹಾಕಿಕೊಳ್ಳುತ್ತೇನೆ.)

ಗಾಡಿಯೇ ಬೇಡ ಎನ್ನುವ ಹಾಗೂ ಇಲ್ಲ. ಚೇರಂಬಾಡಿ ರಸ್ತೆಯಿಂದ ನಮ್ಮ ಮನೆಗೆ ಇಳಿಯುವುದನ್ನು ದಾರಿ ಎಂದು ಕರೆಯುವುದು ನಮ್ಮ ದೊಡ್ಡತನ. ಮಳೆಗಾಲದಲ್ಲಿ ಅದು ಹಳ್ಳ, ಬೇಸಿಗೆಯಲ್ಲಿ ಹಳ್ಳದ ಅಸ್ಥಿಪಂಜರ. ನಮ್ಮ ತೋಟದಲ್ಲಿ ಕಿತ್ತ ಟೀ ಎಲೆ ಅಂದಂದೇ ಫ್ಯಾಕ್ಟರಿ ಸೇರದಿದ್ದರೆ ಚೀಲದಲ್ಲೇ ಬೆಂದು ಕಪ್ಪಾಗುತ್ತದೆ. ಅದನ್ನು ಹೊತ್ತು ಈ ಹಳ್ಳ ಹತ್ತುವುದಕ್ಕೆ ಅಂಥ ಗಾಡಿಯೇ ಬೇಕು. ಹೊಸದೊಂದನ್ನು ತೆಗೆದುಕೊಳ್ಳೋಣ ಎಂದು ನಾನು ಗೋಗರೆಯುತ್ತಲೇ ಇದ್ದೆ. ಒಂದು ಮಧ್ಯಾಹ್ನ ನಮ್ಮ ಯಜಮಾನರು, ನಂಜುಂಡೇಶ ಎಂಬ ನಾಮಧೇಯದ ಮಹಾನುಭಾವರು, ಮುದ್ದೆ ಮುರಿಯುತ್ತಾ ಅಪ್ಪಣೆ ಕೊಡಿಸಿದರು.

"ಸುನೀತಾ, ಗಾಡೀಗೆ ಡೀಸೆಲ್ ಎಂಜಿನ್ ಇಡ್ಸ್‌ಬುಡಾದು ಅಂತ."

"ಹೊಸ ಗಾಡಿ ತಗೊಳಾದು ಅಂದಿದ್ನಲ್ಲ?"

"ಹೊಸಾದಾ! ಈ ಚಾಸಿ ಈಗ ಎಲ್ಲಿ ಸಿಕ್ತದೆ? ಕಬ್ಣ ಕನಾ ಇದು, ಅಪ್ಪಟ ಕಬ್ಣ!"

"ನನ್ನ ದೋಸೆ ಹೆಂಚೂ ಕಬ್ಣಾನೇಯ. ಅದ್ಕೂ ಒಂದು ಎಂಜಿನ್ ಇಡ್ಸಿ."

ನನ್ನ ವ್ಯಂಗ್ಯ ಅವರಿಗೆ ತಾಕುವುದೇ ಇಲ್ಲ. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ಆ ವಾರವೇ ಕೊಯಮತ್ತೂರಿನ ಹಳೇ ಸಾಮಾನಿನ ಅಂಗಡಿಯೊಂದರಿಂದ ಟೆಂಪೋ ಏರಿ ಬಂದ ಶ್ರೀಮದ್ ಡೀಸೆಲ್ ಎಂಜಿನ್ನವರು ನನ್ನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ವಿರಾಜಮಾನರಾದರು. ಇಳಿಸಿದವರಿಗೆ ಕಾಫಿ, ಎಂಜಿನ್ನಿಗೆ ಕುಂಕುಮ, ನಿಂಬೆಹಣ್ಣು. ಮಂಜು ಬಿದ್ದರೆ ಅದಕ್ಕೆ ಶೀತವಾಗುತ್ತದೆಂದು ನಮ್ಮ ಮಗಳು ಜನನಿ ಹುಟ್ಟಿದಾಗಿನ ಬಾಣಂತನದಲ್ಲಿ ನಾನು ಹೊದೆದಿದ್ದ ಕಂಬಳಿಯನ್ನೂ ಹೊದಿಸಿದರು. ಆ ಬಾಣಂತನದಲ್ಲಿ ನನ್ನನ್ನು ನೋಡಲು ಅವರು ಇಷ್ಟು ಸಲ ಬಂದಿರಲಿಲ್ಲ.

ಮರುದಿನ ಮೆಕ್ಯಾನಿಕ್ ಕೃಷ್ಣನ್ ಬಂದ. ಮಲಯಾಳಿ ಮನುಷ್ಯ, ಮಾತು ಬೆಣ್ಣೆ. ತಿಂಡಿಗೆ ಮೊದಲೇ ಹಾಜರು, ಊಟ ಮುಗಿಯದೆ ಸ್ಪ್ಯಾನರ್ ಮುಟ್ಟುವವನಲ್ಲ. ಏನು ಕೇಳಿದರೂ ಒಂದೇ ಉತ್ತರ: "ಕುಳಪ್ಪ ಇಲ್ಲ ಚೇಚಿ." ಎಂದರೆ ಏನೂ ತೊಂದರೆ ಇಲ್ಲ ಅಕ್ಕಾ ಎಂದು. ಎಂಜಿನ್ನಿಗೂ ಹಳೇ ಗೇರ್‌ಬಾಕ್ಸಿಗೂ ಜಾತಕ ಕೂಡಿಬರಲಿಲ್ಲ, ಕುಳಪ್ಪ ಇಲ್ಲ. ಎರಡರ ನಡುವೆ ಒಂದು ದಪ್ಪ ಕಬ್ಬಿಣದ ತಟ್ಟೆ ಕೊರೆಸಿ ತಂದು ದಲ್ಲಾಳಿಯ ಹಾಗೆ ಕೂರಿಸಿದರು. ಎಂಜಿನ್ ಕೂರುವ ಕಾಲುಗಳನ್ನು ಕತ್ತರಿಸಿದರು, ಬೆಸೆದರು, ಮತ್ತೆ ಕತ್ತರಿಸಿದರು. ಎಂಜಿನ್ ಬದಲಿಸುವ ಅನುಮತಿಗೆಂದು ಆರ್‌ಟಿಓ ಕಚೇರಿಗೆ ನಮ್ಮವರು ಓಡಾಡಿದಷ್ಟು ನನ್ನ ತವರಿಗೆ ಓಡಾಡಿದ್ದರೆ ನನ್ನ ಅಣ್ಣಂದಿರು ಅವರನ್ನು ಇನ್ನೂ ಮಾತಾಡಿಸುತ್ತಿದ್ದರು.

ಎಲ್ಲಾ ಕೂತ ಮೇಲೆ ಬಾನೆಟ್ ಮುಚ್ಚಲಿಲ್ಲ. ಹೊಸಬರ ತಲೆ ಒಂದು ಗೇಣು ಮೇಲಕ್ಕೇ ಇತ್ತು. ಬಾನೆಟ್ಟಿಗೆ ತೂತು ಕೊರೆದು, ತೂತಿನ ಮೇಲೆ ಏನಾದರೂ ಗುಂಡಗಿನದು ಬೋರಲು ಹಾಕಿ ಬೆಸೆಯಬೇಕೆಂದು ಇಬ್ಬರು ಪಂಡಿತರೂ ತೀರ್ಮಾನಿಸಿದರು. ನಾನು ಮಹಿಳಾ ಸಂಘದ ಸಭೆ ಮುಗಿಸಿ ಬರುವಷ್ಟರಲ್ಲಿ ನನ್ನ ಕಜ್ಜಾಯ ಕರಿಯುವ ಬಾಣಲೆ, ಅದೂ ತವರಿನದು, ಪಿಕಪ್ಪಿನ ಮೂತಿಯ ಮೇಲೆ ಮೊಳೆತಿತ್ತು.

"ಬಾಣ್ಲೆ ಬುಟ್ರೆ ಬೇರೆ ಏನೂ ಸಿಗ್ಲಿಲ್ವಾ ನಿಮ್ಗೆ?"

"ಅಳ್ತೆಗೆ ಸರಿಯಾಗಿ ಕೂತ್ಕತ್ತು ಕನಾ. ಇರು, ಗಾಡಿ ಹೆಂಗ್ ನಡ್ಸಾದು ಅಂತ ಹೇಳ್ಕೊಡ್ತೀನಿ. ಡೀಸೆಲ್ಲು ಪೆಟ್ರೋಲ್ ಥರ ಅಲ್ಲ. ನಿಲ್ಸಾವಾಗ..."

ಏನೋ ಎಳೆಯಬೇಕು, ಏನೋ ತಳ್ಳಬೇಕು ಎಂದು ಅವರು ಹೇಳುತ್ತಲೇ ಇದ್ದರು. ನಾನು ಬಾಣಲೆಯನ್ನೇ ನೋಡುತ್ತಾ ನಿಂತಿದ್ದೆ. ಕಿವಿಗೆ ಬೀಗ ಬಿದ್ದು ಬಹಳ ಹೊತ್ತಾಗಿತ್ತು.

ಇಷ್ಟಾದರೂ ಗಾಡಿ ಹೊರಟಿತು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಸದ್ದು! ಹಿಟ್ಟಿನ ಗಿರಣಿಯೊಂದು ರಸ್ತೆಗಿಳಿದ ಹಾಗೆ. ಆಚೆ ಗುಡ್ಡದ ಮನೆಯವರು ನಮ್ಮವರು ಎಲೆ ಸಾಗಿಸುವ ಸದ್ದು ಕೇಳಿ ಅನ್ನಕ್ಕೆ ಎಸರಿಡುತ್ತಾರಂತೆ. ಹೊಗೆ ಬೇರೆ. ನಾನು ಅದನ್ನು ಹತ್ತುವುದೇ ಇಲ್ಲ ಎಂದು ಕಂಡಕಂಡವರ ಮುಂದೆ ಸಾರಿದೆ. "ಅದು ಗಾಡಿಯಲ್ಲ, ನಮ್ಮವರ ತಲೆಗೆ ನಾಲ್ಕು ಚಕ್ರ ಬಂದಿವೆ" ಎಂದು ನಾನು ಅಂದದ್ದು ಚೇರಂಬಾಡಿಯವರೆಗೂ ಹೋಗಿ ಮೆಚ್ಚುಗೆ ಗಳಿಸಿತ್ತು.

ಇದರ ನಡುವೆಯೇ ಜನನಿಯ ಸಂಬಂಧ ಕುದುರಿದ್ದು. ಅವಳು ಕೂನೂರಿನಲ್ಲಿ ಟೀ ಹರಾಜಿನವರ ಆಫೀಸೊಂದರಲ್ಲಿ ಕೆಲಸ ಮಾಡುತ್ತಾಳೆ. ಹುಡುಗ ದಿನೇಶ್‌ಕುಮಾರ್ ಅಲ್ಲಿಯೇ ಟೀ ರುಚಿ ನೋಡುವವನು. ದಿನವಿಡೀ ಬಟ್ಟಲು ಬಟ್ಟಲು ಟೀ ಸೊರ್ ಎಂದು ಹೀರಿ ಉಗುಳುವುದಕ್ಕೆ ಸಂಬಳ! (ನಮ್ಮ ಮಾವನವರು ಎಲೆಯಡಿಕೆ ಹಾಕಿಕೊಂಡು ಬಿಟ್ಟಿಯಾಗಿ ಉಗುಳಿದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.) ಹುಡುಗ ಹುಡುಗಿ ಆಗಲೇ ಒಪ್ಪಿಕೊಂಡಾಗಿತ್ತು. ಒಪ್ಪಬೇಕಾದವರು ಹುಡುಗನ ಅಪ್ಪ ಮಾದಯ್ಯ. ನಮ್ಮ ಕಡೆಯವರೇ, ಅವರ ಅಜ್ಜ ಗುಂಡ್ಲುಪೇಟೆಯಿಂದ ಬೆಟ್ಟ ಹತ್ತಿದವರು. ಮಹಾ ಖಡಕ್ಕು, ಎರಡು ಸಂಬಂಧಗಳನ್ನು ಅಂಗಳದಲ್ಲಿ ನಿಂತೇ ಬೇಡವೆಂದು ವಾಪಸು ಹೋದವರು ಎಂದು ಜನನಿಯೇ ಫೋನಿನಲ್ಲಿ ಹೇಳಿದಳು. ನನಗೆ ಭಯ ಹಿಡಿಯಿತು. ಯಾವುದಕ್ಕೂ ಹಟ ಹಿಡಿಯದ ಹುಡುಗಿ, ಈ ಹುಡುಗನನ್ನು ಮಾತ್ರ ಮನಸಾರೆ ಬಯಸಿದ್ದಳು. ನನ್ನ ಅಂಗಳ ನೋಡಿಯೇ ಆ ಮನುಷ್ಯ ತಿರುಗಿ ಹೋದರೆ?

ಅವರು ಬರುವ ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಅಂಗಳದ ನಟ್ಟನಡುವೆ, ತುಳಸಿಕಟ್ಟೆಗೆ ಎದುರಾಗಿ, ಬಾಣಲೆ ಹೊತ್ತು ನಿಂತಿದೆ ಪಿಕಪ್ಪು.

"ರೀ, ಇದ್ನ ಎತ್ಲಾಗಾದ್ರೂ ತಗೊಂಡೋಗಿ ಮುಚ್ಚಿಡಿ. ಬೀಗ್ರು ಇದ್ನ ನೋಡುದ್ರೆ ಗುಜರಿ ಅಂಗ್ಡಿಗೆ ಬಂದ್ಬುಟ್ವಾ ಅನ್ಕತಾರೆ."

"ಮುಚ್ಚಿಡಾದಾ! ಇದ್ನ ತೋರುಸ್ಬೇಕು ಅಂತ ಒರ್ಸಿ ನಿಲ್ಸಿವ್ನಿ ಕನಾ!"

ಅವರನ್ನು ಬಾಳೆಲೆ ತರಲು, ಹಾಗೆಯೇ ರಸ್ತೆಯಲ್ಲಿ ಬೀಗರನ್ನು ಎದುರುಗೊಂಡು ದಾರಿ ತೋರಿಸಲು ಸ್ಕೂಟರಿನಲ್ಲಿ ಅಟ್ಟಿದೆ. ಸ್ಕೂಟರು ತಿರುವು ದಾಟಿದ್ದೇ ತಡ, ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಪಿಕಪ್ಪು ಹತ್ತಿದೆ. ಪೆಟ್ರೋಲು ಕಾಲದಲ್ಲಿ ಜನನಿಯನ್ನು ಶಾಲೆಗೆ ಬಿಡಲು ಅದನ್ನು ಓಡಿಸಿದವಳು ನಾನೇ. ಹೊಟ್ಟೆಯೊಳಗಿನದು ಬದಲಾದರೆ ಸ್ಟೀರಿಂಗ್ ಬದಲಾಗುತ್ತದೆಯೇ? ಕೀ ತಿರುಗಿಸಿದೆ, ದಡದಡ ಎಂದಿತು. ಮನೆ ಸುತ್ತು ಹಾಕಿ ಹಿತ್ತಲಿನ ಹಲಸಿನ ಮರದ ಕೆಳಗೆ ನಿಲ್ಲಿಸಿದೆ. ಇದಕ್ಕೇ ಅಷ್ಟೊಂದು ಪಾಠವೇ ಎಂದು ಮೂಗು ಮುರಿದು, ಕೀ ಆಫ್ ಮಾಡಿದೆ.

ದಡದಡದಡ.

ಕೀಯನ್ನು ಹೊರಗೇ ತೆಗೆದೆ. ದಡದಡದಡ. ಮತ್ತೆ ಹಾಕಿ, ತಿರುಗಿಸಿ, ತೆಗೆದೆ. ಅದಕ್ಕೂ ನನಗೂ ಸಂಬಂಧವೇ ಇಲ್ಲವೆಂಬಂತೆ ಓಡುತ್ತಲೇ ಇತ್ತು. ಅಡುಗೆಮನೆಯ ಕಿಟಕಿಯಿಂದ ಅರ್ಧ ಜಡೆಯ ಜನನಿ ಇಣುಕಿದಳು.

"ಅಮ್ಮಾ, ಆಫ್ ಮಾಡಮ್ಮಾ! ಏನೂ ಕೇಳ್ತಿಲ್ಲ!"

"ಆಫ್ ಆಯ್ತಾ ಇಲ್ಲ ಕನೇ! ಕೀ ನನ್ನ ಕೈಲೇ ಅದೆ!"

"ಮತ್ತೆ ಹೆಂಗೆ ಓಡ್ತಾ ಅದೆ?"

"ನಿಮ್ಮಪ್ಪನ್ನ ಕೇಳು!"

ಅವರಪ್ಪನ ಫೋನು ರಿಂಗಾಯಿತು, ಎತ್ತುವವರಿಲ್ಲ. ಮಸಿಬಟ್ಟೆ ಹಿಡಿದು ಬಾನೆಟ್ ಎತ್ತಿ ಬ್ಯಾಟರಿಯ ವೈರನ್ನೇ ಕಿತ್ತೆ. ತಲೆ ಕಡಿದ ಮೇಲೂ ಹೋರಾಡಿದ ವೀರರ ಕಥೆ ಕೇಳಿದ್ದೇನೆ, ನೋಡಿದ್ದು ಅಂದೇ. ಆಗ ಹೊಳೆಯಿತು: ಗೇರಿಗೆ ಹಾಕಿ ಫಟ್ಟನೆ ಕ್ಲಚ್ ಬಿಟ್ಟರೆ ಉಸಿರುಕಟ್ಟಿ ನಿಲ್ಲುತ್ತದೆ. ಪೆಟ್ರೋಲು ಕಾಲದಲ್ಲಿ ನನ್ನ ಕೈಯಲ್ಲಿ ಎಷ್ಟೋ ಸಲ ಹಾಗೆ ನಿಂತಿತ್ತು (ಬೇಡವೆಂದರೂ ನಿಲ್ಲುತ್ತಿತ್ತು). ಬಾನೆಟ್ ಮುಚ್ಚಿ, ಮೇಲೆ ಹತ್ತಿ ಕೂತು, ಕೈಗೆ ಸಿಕ್ಕಿದ ಗೇರನ್ನೆಲ್ಲಾ ಎಳೆದೆ. ದೊಡ್ಡ ಗೇರಿನ ಪಕ್ಕದಲ್ಲಿ ಒಂದು ಪುಟ್ಟ ಗೇರಿದೆ. ಕೆಸರಿನಲ್ಲಿ ಹೂತಾಗ ನಾಲ್ಕೂ ಚಕ್ರಕ್ಕೆ ಆನೆಬಲ ಕೊಡುವುದು ಅದೇ ಎಂದು ಆಮೇಲೆ ತಿಳಿಯಿತು. ಅದನ್ನೂ ಎಳೆದು ಕ್ಲಚ್ ಬಿಟ್ಟೆ.

ನಿಲ್ಲಲಿಲ್ಲ. ಹೊರಟಿತು. ಎಮ್ಮೆಗಿಂತ ನಿಧಾನವಾಗಿ, ಆದರೆ ಎಮ್ಮೆಯಷ್ಟೇ ಹಟದಿಂದ. ಬ್ರೇಕಿನ ಮೇಲೆ ಎದ್ದು ನಿಂತೆ, ತಲೆಯಾಡಿಸಿ ಮುಂದೆ ಹೋಯಿತು. ಕ್ಲಚ್ ಒತ್ತೋಣವೆಂದರೆ ಮುಂದೆ ಅಂಗಳದ ಇಳಿಜಾರು, ಇನ್ನೂ ಜೋರಾಗಿ ಉರುಳೀತೆಂಬ ಭಯ. ಬಟ್ಟೆ ಒಣಗಿಸುವ ಹಗ್ಗ ಎದುರಿಗೆ ಬಂತು, ಹಗ್ಗವೂ ಜೊತೆಗೆ ಹೊರಟಿತು. ನನ್ನ ಲಂಗ ಎಡಕ್ಕೆ, ಯಜಮಾನರ ಪಟಾಪಟಿ ಚಡ್ಡಿ ಬಾಣಲೆಯ ಮೇಲೆ. ಹೀಗೆ ಸರ್ವಾಲಂಕಾರಭೂಷಿತಳಾಗಿ ನಾನು ಮನೆಯ ಮೂಲೆ ತಿರುಗಿ ಅಂಗಳ ಪ್ರವೇಶಿಸಿದಾಗ, ಗೇಟಿನಲ್ಲಿ ಕಾರು ನಿಂತು ಬೀಗರು ಇಳಿಯುತ್ತಿದ್ದರು. ಬೆಳಗ್ಗೆಯಿಂದ ಬಿಟ್ಟ ರಂಗೋಲಿಯ ಮೇಲೆ ಒಂದರ ಹಿಂದೊಂದು ಚಕ್ರ ಹಾದುಹೋಯಿತು. ನಮ್ಮವರು ಬಾಳೆಲೆ ಎಸೆದು ಓಡಿಬಂದರು.

"ಎಳೀ! ಎಳೀ ಅಂತೀನಿ!"

ಹ್ಯಾಂಡ್‌ಬ್ರೇಕ್ ಎಳೆದೆ. ಗಾಡಿ ನರಳಿತು, ನಿಲ್ಲಲಿಲ್ಲ. ಎದುರಿಗೆ ತುಳಸಿಕಟ್ಟೆ. ನಾನು ಕಣ್ಣು ಮುಚ್ಚಿದೆ. ನನ್ನ ಮಗಳ ಮದುವೆಯನ್ನು ನನ್ನ ಕೈಯಾರೆ ಕೊಂದೆ ಎಂದು ಎದೆ ಒಡೆಯಿತು.

ಬಿಳಿ ಅಂಗಿಯ ದಪ್ಪ ಮೀಸೆಯೊಬ್ಬರು ಅವಸರವೇ ಇಲ್ಲದೆ ಗಾಡಿಯ ಪಕ್ಕ ನಡೆಯುತ್ತಾ ಬಂದು, ಕಿಟಕಿಯೊಳಗೆ ಕೈಹಾಕಿ, ಡ್ಯಾಶ್‌ಬೋರ್ಡಿನ ಕೆಳಗಿದ್ದ ಕರಿ ಗುಬುಟೊಂದನ್ನು ಎಳೆದರು. ಎಂಜಿನ್ ಗಕ್ಕನೆ ನಿಂತಿತು.

"ಹಳೇ ಡೀಸೆಲ್ಗೆ ಸ್ಟಾಪ್ ವೈರ್ ಎಳೀಬೇಕು ಕನವ್ವಾ," ಎಂದರು ಮಾದಯ್ಯ. ನಾನು ನಮಸ್ಕಾರ ಎನ್ನಲು ಬಾಯಿ ತೆರೆಯುವಷ್ಟರಲ್ಲಿ, "ಇದ್ಯಾವ್ ಎಂಜಿನ್ನು?"

ಅಷ್ಟೇ. ಮುಂದಿನದರಲ್ಲಿ ಹೆಣ್ಣೂ ಇಲ್ಲ, ಹೆತ್ತವಳೂ ಇಲ್ಲ. ಬೀಗರು ಬಾನೆಟ್ ಎತ್ತಿ ಒಳಗೆ ಇಳಿದೇಬಿಟ್ಟರು. ನಮ್ಮವರು ಪಕ್ಕದಲ್ಲಿ ನಿಂತು ತಟ್ಟೆ ಕೊರೆಸಿದ ಪುರಾಣ ಆರಂಭಿಸಿದರು. "ಬಾಣ್ಲೆ! ಏನ್ ತಲೆ ಬೀಗ್ರೇ ನಿಮ್ದು!" ಎಂಬ ಉದ್ಗಾರ ಒಳಗೆ ಕೇಳಿಸಿದಾಗ ಜನನಿ ನನ್ನ ಕೈ ಹಿಂಡಿದಳು. "ಅಮ್ಮಾ, ಬೀಗ್ರೇ ಅಂದ್ರು!" ನಾನು ನಿಟ್ಟುಸಿರು ಬಿಟ್ಟೆ. ಒಂದು ತೂತು ಬಾನೆಟ್ಟಿಗೆ ಕೊಟ್ಟ ಮರ್ಯಾದೆಯನ್ನು ಈ ಗಂಡಸರು ಪಕ್ಕದ ಮನೆಯ ಬಾಣಲೆ ತಂದು ಕರಿದ ನನ್ನ ಕಜ್ಜಾಯಕ್ಕೆ ಕೊಡಲಿಲ್ಲ ಎಂಬ ಸಿಟ್ಟೂ ಇತ್ತು.

ಹುಡುಗನ ತಾಯಿ ಪುಟ್ಟಲಿಂಗಮ್ಮನವರು ಜಗಲಿಯಲ್ಲಿ ಕೂತು, "ನಮ್ಮೋರು ಇನ್ನು ಬರಕಿಲ್ಲ, ನಾವ್ ತಿನ್ನಾಣ," ಎಂದು ತಟ್ಟೆ ಎಳೆದುಕೊಂಡರು. ದಿನೇಶ್‌ಕುಮಾರ್ ನನ್ನ ಕಾಫಿಯನ್ನು ಸೊರ್ ಎಂದು ಹೀರಿ, ಬಾಯಿಯಲ್ಲಿ ಸುತ್ತಾಡಿಸಿ, ನುಂಗಿದ. ಉಗುಳಲಿಲ್ಲವಲ್ಲ, ಅದನ್ನೇ ಹೊಗಳಿಕೆ ಎಂದುಕೊಂಡೆ.

ಬಿಸಿಲು ಏರಿದ ಮೇಲೆ ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡ ಬೀಗರಿಬ್ಬರೂ ಒಳಗೆ ಬಂದರು. ಮಾದಯ್ಯ ಗಂಟಲು ಸರಿಮಾಡಿಕೊಂಡರು.

"ಮಕ್ಳು ಒಪ್ಕಂಡವ್ರೆ, ಅದ್ರಲ್ಲಿ ಮಾತಿಲ್ಲ. ನಂದೊಂದೇ ಕೋರಿಕೆ. ನಮ್ಮನೇಲೂ ಹಳೇ ಪೆಟ್ರೋಲ್ ಗಾಡಿ ಕೂತದೆ. ಕೂನೂರಲ್ಲಿ ಯಾರ್ಗೂ ಇಂಥ ಕೈಯಿಲ್ಲ. ಮದ್ವೆ ಒಳ್ಗೆ ಬೀಗ್ರು ಅದ್ಕೂ ಹಿಂಗೇ ಡೀಸೆಲ್ ಇಟ್ಕೊಡ್ಬೇಕು, ಇಲ್ಲೇಯ, ಇದೇ ಅಂಗ್ಳದಲ್ಲಿ."

ನಮ್ಮವರು ಈ ಜನ್ಮದಲ್ಲಿ ಮೊದಲ ಸಲ ತಲೆ ತಗ್ಗಿಸಿ ವಿನಯ ತೋರಿದರು. "ನಂದೇನದೆ ಬೀಗ್ರೆ. ಮನೆಯವ್ಳನ್ನ ಕೇಳ್ಬೇಕು. ಅವ್ಳಿಗೆ ಎಂಜಿನ್ ಅಂದ್ರೇ ಆಗಕಿಲ್ಲ."

ಎಲ್ಲರ ಕಣ್ಣೂ ನನ್ನ ಮೇಲೆ. ಮಾದಯ್ಯನವರ ಮೀಸೆ ಬಿಗಿಯಿತು. ಬಾಗಿಲ ಸಂದಿಯಿಂದ ಜನನಿ ನನಗೆ ಕೈಮುಗಿಯುತ್ತಿದ್ದಳು. ಅಷ್ಟು ದಿನ ಊರಿಗೆಲ್ಲ ಹಂಚಿದ ಅಣಕದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಒಂದೊಂದಾಗಿ ನುಂಗಿದೆ. ಹಾಗಲಕಾಯಿಯ ರಸವೂ ಅಷ್ಟು ಕಹಿ ಇರಲಾರದು.

"ಅಯ್ಯೋ, ಅದ್ಕೇನಂತೆ ಅಣ್ಣಾ! ತಂದು ನಿಲ್ಸಿ. ಇವ್ರು ಸುಮ್ನೆ ಹೇಳ್ತಾರೆ. ಎಂಜಿನ್ ಅಂದ್ರೆ ನಂಗೆ ಪಿರಾಣ! ನಮ್ಮ ಅಂಗ್ಳ ಇರಾದೇ ಅದ್ಕೆ!"

ಪುಟ್ಟಲಿಂಗಮ್ಮನವರ ಕಣ್ಣು ತುಂಬಿಬಂತು. ತಿನ್ನುತ್ತಿದ್ದ ಕಜ್ಜಾಯ ಬಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡರು.

"ನೀನು ದೇವ್ತೆ ಕನವ್ವಾ. ಇಷ್ಟ್ ವರ್ಸ ಆಯ್ತು, ನನ್ನ ಅಂಗ್ಳದಲ್ಲಿ ಒಂದು ರಂಗೋಲಿ ಬುಡಕೆ ಜಾಗ ಇಲ್ಲ. ಈ ವಾರ್ದಲ್ಲೇ ಮೂರ್ನೂ ಕಳಿಸ್ಕೊಡ್ತೀವಿ."

"ಮೂರಾ?" ಎಂದೆ ನಾನು.

"ಹೂಂ ಕನವ್ವಾ. ನಮ್ಮೋರ್ಗೆ ಬಾಯಲ್ಲಿ ಒಂದೇ. ಮನೇಲಿ ಅಂಥವು ಮೂರವೆ."

ನಮ್ಮ ಯಜಮಾನರು ಆಗಲೇ ಅಂಗಳಕ್ಕಿಳಿದು ಹೆಜ್ಜೆ ಹಾಕಿ ಜಾಗ ಅಳೆಯುತ್ತಿದ್ದರು.