ಯಾರೂ ಕೂಗಲಿಲ್ಲ

ನಿಧಾನರಾಯರಿಗೆ ಆ ದಿನ ಗ್ರಹಚಾರ ವಕ್ಕರಿಸಿದ್ದು ಸಾಹೇಬರ ಬಾಯಿಂದ.

"ಹಳೇ ಮೂರು ಸರ್ವರ್ ಇವೆಯಲ್ರೀ, ಅವು ಕೆಲಸ ಮಾಡ್ತಿವೆಯೋ ಸುಮ್ನೆ ಕೂತಿವೆಯೋ? ಹನ್ನೆರಡರೊಳಗೆ ನೋಡಿ. ಸುಮ್ನೆ ಕೂತಿದ್ರೆ ಬಂದ್ ಮಾಡಿ."

ಆ ಮೂರೂ ಸೇರಿ ಮಾಡುತ್ತಿದ್ದುದು ಅಂಚೆಯವನ ಕೆಲಸ. ಒಂದು ಪ್ರೋಗ್ರಾಂ ಕೊಟ್ಟ ಸಂದೇಶವನ್ನು ಇನ್ನೊಂದಕ್ಕೆ ಮುಟ್ಟಿಸುವುದು. ಕಚೇರಿಯ ಕೆಲಸವೆಲ್ಲ ಹೊಸ ಯಂತ್ರಗಳಿಗೆ ಹೋಗಿ ವರ್ಷವಾಗಿದ್ದರೂ ಇವನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ರಾಯರಿಗಂತೂ ಮೊದಲೇ ಇಲ್ಲ. ಯಾವ ಬಟನ್ ಒತ್ತುವ ಮುಂಚೆಯೂ ಮೂರು ಸಲ ಯೋಚಿಸುತ್ತಾರೆಂದೇ ಕಚೇರಿ ಅವರಿಗೆ ಆ ಹೆಸರಿಟ್ಟಿತ್ತು.

ಹೆಂಡತಿ ತೀರಿಕೊಂಡ ದಿನವೂ ರಾಯರು ಇಲ್ಲೇ ಸರ್ವರ್ ರಿಪೇರಿ ಮಾಡುತ್ತಾ ಕೂತಿದ್ದರು. ಅಂದಿನಿಂದ ಮಗಳು ಮಾತು ಬಿಟ್ಟಿದ್ದಳು. ಆದರೂ ದಿನಾ ಮಧ್ಯಾಹ್ನ ಒಂದಕ್ಕೆ ಯಾವುದೋ ನಂಬರಿನಿಂದ ಒಂದು ಸಾಲು ಬರುತ್ತಿತ್ತು: "ಒಂದಾಯ್ತು. ಎದ್ದು ಊಟ ಮಾಡಿ." ಕೋಪವಿದ್ದರೂ ಕರುಳು ಬಿಡುತ್ತದೆಯೇ ಎಂದುಕೊಂಡು ರಾಯರು ಆ ಸಾಲಿನ ಮೇಲೆಯೇ ಮೂರು ವರ್ಷ ಜೀವ ಹಿಡಿದಿದ್ದರು. ಈ ಜಗಳದ ಸಂಗತಿ ಗೊತ್ತಿದ್ದುದು ಪಕ್ಕದ ಸೀಟಿನ ಅಕ್ಕನಿಗೆ ಮಾತ್ರ. ಅವರೂ ಹೋದ ವರ್ಷ ತೀರಿಕೊಂಡಿದ್ದರು.

ಒಂಬತ್ತಕ್ಕೆ ಪರದೆಯಲ್ಲಿ ಸಂದೇಶ ಸೊನ್ನೆ. ಹತ್ತಕ್ಕೂ ಸೊನ್ನೆ. ನಿನ್ನೆಯದನ್ನು ನೋಡೋಣವೆಂದರೆ ಆ ಮುದಿ ಯಂತ್ರಗಳಿಗೆ ನಿನ್ನೆಯ ನೆನಪೇ ಇರುವುದಿಲ್ಲ. ಆದರೆ ಹೆಸರಿಲ್ಲದ ಒಂದು ಸಂಪರ್ಕ ಮಾತ್ರ ತೆರೆದೇ ಇತ್ತು. ಯಾರದೆಂದು ಕೇಳುತ್ತಾ ಹೊರಟರು.

"ನಮ್ದಲ್ಲ. ಆದ್ರೆ ಮುಟ್ಬೇಡಿ ರಾಯರೇ," ಎಂದಳು ಬುಕಿಂಗ್ ವಿಭಾಗದಾಕೆ.

"ಹೋದ್ಸಲ ಹೀಗೇ ಏನೋ ಬಂದ್ ಮಾಡಿ ಲಿಫ್ಟ್ ನಿಂತೋಯ್ತು," ಎಂದ ಗೋದಾಮಿನ ಮೇಲ್ವಿಚಾರಕ.

"ಲಿಫ್ಟಿಗೂ ಇದಕ್ಕೂ ಸಂಬಂಧವೇ ಇಲ್ವಲ್ಲಪ್ಪಾ."

"ಇರ್ಲಿ, ಇವತ್ತು ನಾನು ಮೆಟ್ಲಲ್ಲೇ ಹೋಗ್ತೀನಿ."

ಕೊನೆಗೆ ಬಾಗಿಲ ಕಾವಲಿನ ದಢೂತಿ ಉಪಾಯ ಹೇಳಿಕೊಟ್ಟ. "ಆಫ್ ಮಾಡಿ ಸುಮ್ನೆ ಕೂತ್ಕೊಳ್ಳಿ ಸಾರ್. ಯಾರು ಕೂಗ್ತಾರೋ ಅವರ್ದು. ಯಾರೂ ಕೂಗ್ಲಿಲ್ವಾ, ಅನಾಥ."

ಹನ್ನೆರಡಕ್ಕೆ ರಾಯರು ದೇವರ ಮೇಲೆ ಭಾರ ಹಾಕಿ ಆಫ್ ಮಾಡಿದರು. ಲಿಫ್ಟ್ ಓಡಾಡುತ್ತಲೇ ಇತ್ತು. ಮೇಜಿನ ಫೋನ್ ಬಡಿದುಕೊಳ್ಳಲಿಲ್ಲ. ಕಿವಿ ನೆಟ್ಟಗೆ ಮಾಡಿ ಕಾದದ್ದೇ ಬಂತು, ಯಾರೂ ಕೂಗಲಿಲ್ಲ.

ಎರಡಕ್ಕೆ ಹೊಟ್ಟೆ ಕೂಗಿತು. ರಾಯರು ಗಡಿಯಾರ ನೋಡಿದರು, ಮೊಬೈಲ್ ನೋಡಿದರು. ಮಗಳ ಸಂದೇಶವಿಲ್ಲ! ಅವಳಿಗೇನಾಯಿತೋ ಎಂಬ ಗಾಬರಿಯಲ್ಲಿ, ಮೂರು ವರ್ಷದ ಬಿಗುಮಾನವೆಲ್ಲ ಮರೆತು ಫೋನ್ ಮಾಡಿದರು.

"ಪುಟ್ಟೀ, ಹುಷಾರಾಗಿದೀಯೇನಮ್ಮಾ? ಇವತ್ತು ನಿನ್ನ ಮೆಸೇಜ್ ಬರ್ಲಿಲ್ಲ..."

"ಯಾವ ಮೆಸೇಜು?"

"ಅದೇ, ಊಟ ಮಾಡಿ ಅಂತ. ದಿನಾ ಕಳಿಸ್ತೀಯಲ್ಲ."

"ನಾನ್ಯಾವತ್ತೂ ಕಳ್ಸಿಲ್ಲ. ಕೆಲಸ ಇದೆ, ಇಡ್ತೀನಿ."

ರಾಯರು ಖಾಲಿ ಪರದೆಯನ್ನೇ ನೋಡುತ್ತಾ ಕೂತರು. ಆಮೇಲೆ, ಜೀವನದಲ್ಲಿ ಮೊದಲ ಸಲ ಏನೂ ಯೋಚಿಸದೆ, ಹಳೇ ಮೂರನ್ನೂ ಮತ್ತೆ ಆನ್ ಮಾಡಿದರು. ಒಂದಕ್ಕೆ ತಲುಪದೆ ಕಾದಿದ್ದ ಸಂದೇಶ ಬಂದು ಮೊಬೈಲ್ ಗುಂಯ್‌ಗುಟ್ಟಿತು. "ಒಂದಾಯ್ತು. ಎದ್ದು ಊಟ ಮಾಡಿ." ಪರದೆಯ ಮೇಲೆ ಸಂದೇಶ ಒಂದು ಎಂದಾಯಿತು. ಕಳಿಸಿದವರ ಜಾಗದಲ್ಲಿ ಪಕ್ಕದ ಸೀಟಿನ ಕಂಪ್ಯೂಟರಿನ ನಂಬರಿತ್ತು. ಅಕ್ಕ ಹೋದರೂ ಅವರು ಬರೆದಿಟ್ಟ ಪ್ರೋಗ್ರಾಂ ಹೋಗಿರಲಿಲ್ಲ. ರಾಯರಿಗೆ ದುಃಖ ಒತ್ತರಿಸಿ ಬಂತು.

"ಏನ್ರೀ ರಾಯರೇ, ಯಾರಾದ್ರೂ ಕೂಗಿದ್ರಾ?" ಸಾಹೇಬರು ಬಾಗಿಲಲ್ಲಿ ನಿಂತಿದ್ದರು.

ಒಬ್ಬ ಮನುಷ್ಯನನ್ನು ಊಟಕ್ಕೆ ಎಬ್ಬಿಸಲು ಮೂರು ಯಂತ್ರ ಓಡುತ್ತಿವೆ ಎಂದು ಹೇಳುವುದಾದರೂ ಹೇಗೆ?

"ಇಲ್ಲ ಸಾರ್. ಯಾರೂ ಇಲ್ಲ."

"ಮತ್ತಿನ್ನೇನು, ಬಂದ್ ಮಾಡಿಬಿಡಿ." ಸಾಹೇಬರು ಹೊರಟವರು ಹಾಗೇ ತಿರುಗಿ ಕೇಳಿದರು, "ಊಟ ಆಯ್ತಾ?"

"ಆಯ್ತು ಸಾರ್," ಎಂದು ರಾಯರು ಬಟನ್ ಒತ್ತಿದರು.