ಹತ್ತೊಂಬತ್ತು ಇಂಚಿನ ಹೊಟ್ಟೆಕಿಚ್ಚು

ಷಡ್ಕ ದುರ್ಗಪ್ಪನ ಮನೆಯಲ್ಲಿರುವ ಯಾವ ವಸ್ತುವೂ ಇನ್ನು ಮುಂದೆ ತನ್ನ ಮನೆಯಲ್ಲಿರುವುದಕ್ಕಿಂತ ದೊಡ್ಡದಾಗಿರಕೂಡದು ಎಂದು ಹುನಗುಂದದ ಮುತ್ತುರಾಜ ಒಂದು ಸೋಮವಾರ ಬೆಳಿಗ್ಗೆ ಚಹಾದ ಕಪ್ಪಿನ ಮುಂದೆ ಘೋರ ಪ್ರತಿಜ್ಞೆ ಮಾಡಿದ! ಚಹಾ ತಣ್ಣಗಾಗಿತ್ತು. ಹೊಟ್ಟೆ ಮಾತ್ರ ಕುದಿಯುತ್ತಿತ್ತು.

ಕುದಿಯಲು ಕಾರಣ ಹೆಂಡತಿ ಜಯಶ್ರೀ. ಇಳಕಲ್ಲಿನಲ್ಲಿರುವ ತಂಗಿ ಸುನಂದಾಳ ಮನೆಯಲ್ಲಿ ಎರಡು ದಿನ ಇದ್ದು ಹಿಂದಿನ ಸಂಜೆಯಷ್ಟೇ ಬಂದಿದ್ದಳು. ಸುನಂದಾಳ ಗಂಡನೇ ಈ ದುರ್ಗಪ್ಪ. ಗ್ರಾನೈಟ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕಲ್ಲಿನ ಹಲಗೆಗಳನ್ನು ಲಾರಿಗೇರಿಸುವಾಗ ಕಟ್ಟಿಗೆಯ ಚೌಕಟ್ಟು ಬೇಕಾಗುತ್ತದೆಂದು ಮರ ಕೊಯ್ಯುವ ಪೆಟ್ರೋಲ್ ಮಷೀನ್ ಒಂದನ್ನು ಕೊಂಡಿದ್ದನಂತೆ.

"ಅಬಾಬಾ! ಏನ್ ಮಷೀನ್ರಿ ಅದು! ಹಗ್ಗ ಜಗ್ಗಿದ್ರ ಹುಲಿ ಗುರ್ ಅಂದಂಗ ಅಂತೈತಿ. ಹದಿನೆಂಟು ಇಂಚು ಉದ್ದ! ಕಟ್ಟಿಗಿನ್ನ ಬೆಣ್ಣಿ ಕೊಯ್ದಂಗ ಕೊಯ್ತೈತಿ. ಅದನ್ನ ಹಿಡಕೊಂಡು ನಿಂತ್ರ ದುರ್ಗಪ್ಪ ಖರೆ ಖರೆ ಗಂಡಸು ಕಂಡಂಗ ಕಾಣ್ತಾನ ನೋಡ್ರಿ!"

"ಹಂಗಾರ ನಾ ಯಾರು? ಅವನ ಝೆರಾಕ್ಸ್ ಪ್ರತಿಯೇನು?"

"ಝೆರಾಕ್ಸ್ ಅಂಗಡಿ ನಿಮ್ದು, ಪ್ರತಿ ಹೆಂಗ ಬಂದೈತಿ ನಿಮಗ ಗೊತ್ತಿರಬೇಕು," ಎಂದು ಜಯಶ್ರೀ ಒಳಗೆ ಹೋದಳು.

ಮುತ್ತುರಾಜನ ಹೊಟ್ಟೆಕಿಚ್ಚು ನಿನ್ನೆ ಮೊನ್ನೆಯದಲ್ಲ. ದುರ್ಗಪ್ಪ ಮೂವತ್ತೆರಡು ಇಂಚಿನ ಟಿವಿ ತಂದಾಗ ಈತ ನಲವತ್ಮೂರರದ್ದು ತಂದ. ಅದನ್ನು ಹಾಕುವಷ್ಟು ಗೋಡೆ ಇರಲಿಲ್ಲವಾದ್ದರಿಂದ ಮೂಲೆಗೆ ಓರೆಯಾಗಿ ನಿಲ್ಲಿಸಿದ್ದರು. ಅಂದಿನಿಂದ ಮನೆಮಂದಿಯೆಲ್ಲ ಕುತ್ತಿಗೆ ವಾರೆ ಮಾಡಿಕೊಂಡೇ ಧಾರಾವಾಹಿ ನೋಡುತ್ತಿದ್ದರು! ಈಗ ಬಂತು ಮರ ಕೊಯ್ಯುವ ಮಷೀನ್. ಮುತ್ತುರಾಜನ ಮನೆಯಲ್ಲಿದ್ದ ಏಕೈಕ ಮರವೆಂದರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬೆಳೆದ ಕರಿಬೇವು. ಆದರೆ ಪ್ರತಿಜ್ಞೆ ಪ್ರತಿಜ್ಞೆಯೇ.

ಮರುದಿನವೇ ಬಾಗಲಕೋಟೆಗೆ ಹೋದ. ಹಳೆಯ ಯಂತ್ರಗಳನ್ನು ಮಾರುವವನೊಬ್ಬನ ಅಂಗಳದಲ್ಲಿ, ಪಂಪ್‌ಸೆಟ್ಟುಗಳ ನಡುವೆ, ಕೇಸರಿ ಬಣ್ಣದ ಮಷೀನೊಂದು ಮೂತಿ ಚಾಚಿ ಮಲಗಿತ್ತು.

"ಎಷ್ಟು ಇಂಚಿಂದು?" ಎಂದು ಕೇಳಿದ.

"ಹತ್ತೊಂಬತ್ತು ರೀ."

"ಹದಿನೆಂಟಲ್ಲ?"

"ಹದಿನೆಂಟಕ್ಕಿಂತ ಒಂದು ಜಾಸ್ತಿ ರೀ."

ಇಷ್ಟು ಸಾಕಾಯಿತು! ಎಂಜಿನ್ ನೋಡಲಿಲ್ಲ, ಕಂಪನಿ ಕೇಳಲಿಲ್ಲ, ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಆ ಒಂದು ಇಂಚು ಅವನ ಎದೆಯಲ್ಲಿ ಒಂದು ಗಜವಾಗಿ ಬೆಳೆಯಿತು. ಮನೆಗೆ ಬಂದವನೇ ಜಯಶ್ರೀಯ ಕೈಗೆ ಅಳತೆಯ ಟೇಪು ಕೊಟ್ಟು ಅಳೆಯಿಸಿದ. ಅಷ್ಟು ಸಾಲದೆಂದು ಸುನಂದಾಳಿಗೆ ಫೋನು ಹಚ್ಚಿಸಿ ಅಳತೆಯನ್ನು ಗಟ್ಟಿಯಾಗಿ ಓದಿಸಿದ!

ಎರಡನೆಯ ದಿನ ಪ್ರಾತ್ಯಕ್ಷಿಕೆ. ಓಣಿಯ ಮಂದಿಯನ್ನೆಲ್ಲ ಕರೆದು, ಅಟ್ಟದ ಮೇಲಿದ್ದ ಹಳೆಯ ಮಂಚವನ್ನು ಇಳಿಸಿ ಅಂಗಳದಲ್ಲಿಟ್ಟ. ಹಗ್ಗ ಜಗ್ಗಿದ. ಮಷೀನ್ ಗರ್ಜಿಸಿತು. ಮುತ್ತುರಾಜ ಮೀಸೆಯ ಮೇಲೊಮ್ಮೆ ಕೈಯಾಡಿಸಿ ಅದನ್ನು ಮಂಚದ ಕಾಲಿಗೆ ಇಟ್ಟ. ಮಂಚದ ಕಾಲೊಳಗೆ ಅಜ್ಜನ ಕಾಲದ ಕಬ್ಬಿಣದ ಮೊಳೆಯೊಂದು ಮೊಮ್ಮಗನಿಗಾಗಿ ಕಾಯುತ್ತಿತ್ತು. ಖಣ್! ಕಿಡಿ ಹಾರಿತು, ಮಷೀನಿನ ಉದ್ದ ಪಟ್ಟಿಯ ಸುತ್ತ ಓಡುವ ಹಲ್ಲಿನ ಚೈನು ತುಂಡಾಯಿತು. ಮಂಚಕ್ಕೆ ಒಂದು ಗೀರು ಬಿತ್ತು, ಅಷ್ಟೇ.

"ಚೈನು ತರಾಕ ಹೊಂಟೇನಿ," ಎಂದು ಮರುದಿನ ಚಪ್ಪಲಿ ಮೆಟ್ಟಿದ.

ಜಯಶ್ರೀಯ ಮುಖ ಅರಳಿತು. "ಖರೆನ? ಎಷ್ಟು ತೊಲಿದು?"

"ಮಷೀನಿಗೆ!"

"ಮದುವ್ಯಾಗಿ ಹನ್ನೊಂದು ವರ್ಷ ಆತು, ನನ್ನ ಕೊರಳಿನ ಅಳತಿ ಒಂದಿನಾ ಕೇಳಿಲ್ಲ. ಮಷೀನಿನ ಕೊರಳು ನೋಡಿ ಮೂರು ದಿನ ಆಗಿಲ್ಲ!"

ಬಾಗಲಕೋಟೆಯ ಅಂಗಡಿಗಳಲ್ಲಿ ಹದಿನಾರರ ಚೈನು ಇತ್ತು, ಹದಿನೆಂಟರದ್ದಿತ್ತು, ಇಪ್ಪತ್ತರದ್ದೂ ಇತ್ತು. ಹತ್ತೊಂಬತ್ತು ಎಂದರೆ ಅಂಗಡಿಯವರು ಇವನ ಮುಖವನ್ನೇ ಅಳೆಯುವವರಂತೆ ನೋಡುತ್ತಿದ್ದರು. ಉಳಿದದ್ದು ಇಳಕಲ್. ಅದು ವೈರಿಯ ರಾಜಧಾನಿ! ದುರ್ಗಪ್ಪನ ಕಣ್ಣಿಗೆ ಬೀಳಬಾರದೆಂದು ಮುಖಕ್ಕೆ ಟವೆಲ್ ಸುತ್ತಿಕೊಂಡು, ಕಣ್ಣೆರಡು ಮಾತ್ರ ಬಿಟ್ಟು, ಬಸ್‌ಸ್ಟ್ಯಾಂಡಿನ ಹಿಂದಿನ ಫಕ್ರುಸಾಬನ ಬಿಡಿಭಾಗಗಳ ಅಂಗಡಿ ಹೊಕ್ಕ. ಫಕ್ರುಸಾಬ ಮೂವತ್ತು ವರ್ಷಗಳಿಂದ ಯಂತ್ರಗಳ ಹೊಟ್ಟೆ ಬಗೆದವನು. ಕಳ್ಳನೋ ಗಿರಾಕಿಯೋ ಎಂದು ಒಂದು ಗಳಿಗೆ ನೋಡಿ, ಕನ್ನಡಕ ಏರಿಸಿಕೊಂಡ.

"ಹತ್ತೊಂಬತ್ತು ಇಂಚಿನ ಚೈನು ಐತೇನ್ರಿ?"

"ಇಂಚು ಮರೀರಿ ಸಾಹೇಬ್ರ. ಚೈನಿನ ಕೆಳಗ, ಪಟ್ಟಿಯ ಸಂದ್ಯಾಗ ಓಡೂ ಹಲ್ಲು ಇರತಾವಲ್ಲ, ಎಷ್ಟದಾವ ಎಣಿಸೀರೇನು?"

"ಇಲ್ಲ."

"ಹಲ್ಲಿಗೂ ಹಲ್ಲಿಗೂ ಅಂತರ ಎಷ್ಟು? ಹಲ್ಲಿನ ದಪ್ಪ ಎಷ್ಟು?"

"ಹತ್ತೊಂಬತ್ತು ಅಂದ್ನೆಲ್ರಿ!"

ಫಕ್ರುಸಾಬ ನಕ್ಕ. "ಅಂಗಿ ಹೊಲಿಸಾಕ ಬಂದು ಬರೇ ಊರ ಹೆಸರು ಹೇಳಿದಂಗಾತು ಇದು. ಒಂದೊಂದು ಕಂಪನಿದು ಒಂದೊಂದು ಲೆಕ್ಕ ಇರತೈತ್ರಿ. ಹತ್ತೊಂಬತ್ತಕ್ಕ ಸಿದ್ಧ ಚೈನು ಈ ಕಡೆ ಸಿಗೂದಿಲ್ಲ. ನೀವೇನ್ ಮಾಡ್ರಿ, ಚೈನು ಸುತ್ತೂ ಆ ಪಟ್ಟಿ ಬಿಚ್ಚಿ ತಗೊಂಡ ಬರ್ರಿ. ಇಪ್ಪತ್ತರದು ತಗೊಂಡು, ಎಣಿಸಿ, ಜಾಸ್ತಿ ಇದ್ದ ಹಲ್ಲು ತಗದು ಜೋಡಿಸಿ ಕೊಡತೇನಿ. ಅರ್ಧ ತಾಸಿನ ಕೆಲಸ. ಆದ್ರ ಸಡಿಲ ಚೈನು ಮಾತ್ರ ಹಾಕಬ್ಯಾಡ್ರಿ, ಜಿಗೀತೈತಿ."

ಬುದ್ಧಿವಂತನ ಮಾತು! ಆದರೆ ಚೈನಿಲ್ಲದ ಬೋಳು ಪಟ್ಟಿಯನ್ನು ಹೆಗಲ ಮೇಲಿಟ್ಟುಕೊಂಡು ಇಳಕಲ್ಲಿನ ಪೇಟೆಯಲ್ಲಿ ನಡೆಯುವುದೇ? ದುರ್ಗಪ್ಪ ನೋಡಿದರೆ? ಸುನಂದಾ ನೋಡಿದರೆ? ಪ್ರಾಣ ಹೋದರೂ ಇಲ್ಲ! ಮುತ್ತುರಾಜ ಸೀದಾ ಬಾದಾಮಿಯ ಬಸ್ಸು ಹಿಡಿದ. ಅಲ್ಲಿಯ ಅಂಗಡಿಯವನು ಏನೂ ಕೇಳದೆ ಇಪ್ಪತ್ತು ಇಂಚಿನ ಚೈನು ಕೊಟ್ಟ. ಇವನೂ ಏನೂ ಕೇಳದೆ ತಂದ. ಹತ್ತೊಂಬತ್ತಿದ್ದಾಗಲೇ ಇಷ್ಟು ಮರ್ಯಾದೆ, ಇನ್ನು ಇಪ್ಪತ್ತರ ಚೈನು ಹಾಕಿದರೆ ದುರ್ಗಪ್ಪನಿಗಿಂತ ಎರಡು ಇಂಚು ಮೇಲಾದಂತಲ್ಲವೇ!

ಮನೆಯಲ್ಲಿ ಹಾಕಿ ನೋಡಿದ. ಬಿಗಿಮಾಡುವ ಸ್ಕ್ರೂ ತಿರುವಿ ತಿರುವಿ ಕೊನೆ ಮುಟ್ಟಿದರೂ ಚೈನು ಪಟ್ಟಿಯ ಕೆಳಗೆ ಮುದುಕಿಯ ಬೋರಮಾಳ ಸರದಂತೆ ಜೋತಾಡುತ್ತಿತ್ತು. "ಓಡ್ತಾ ಓಡ್ತಾ ಬಿಗಿ ಆಗತೈತಿ," ಎಂದು ತನಗೆ ತಾನೇ ಹೇಳಿಕೊಂಡ.

ಹೀಗಿರುವಾಗ ಶುಕ್ರವಾರ ಮಧ್ಯಾಹ್ನ ಅಮೀನಗಡದಿಂದ ಅತ್ತೆ ರೇಣವ್ವನ ಫೋನು ಬಂತು. ರೇಣವ್ವ ಮನೆಯಲ್ಲೇ ಕರದಂಟು ಮಾಡಿ ಅಂಗಡಿಗಳಿಗೆ ಕೊಡುವ ಗಟ್ಟಿಗಿತ್ತಿ. ಬೆಳಗಿನ ಗಾಳಿಗೆ ಅಂಗಳದ ಬೇವಿನ ದೊಡ್ಡ ಟೊಂಗೆ ಮುರಿದು, ತಗಡಿನ ಕೋಣೆಯ ಬಾಗಿಲಿಗೆ ಅಡ್ಡ ಬಿದ್ದಿತ್ತು. ಮದುವೆಮನೆಗೆ ಸಂಜೆ ಕಳಿಸಬೇಕಾದ ಕರದಂಟಿನ ಡಬ್ಬಿಗಳೆಲ್ಲ ಒಳಗೆ!

"ದುರ್ಗಪ್ಪಗ ಹೇಳೇನಿ. ನೀವೂ ಬರ್ರಿ," ಎಂದಳು.

'ನೀವೂ'! ಆ ಒಂದು 'ಊ' ಮುತ್ತುರಾಜನ ಎದೆಗೆ ಈಟಿಯಂತೆ ನೆಟ್ಟಿತು. ಹಿರಿ ಅಳಿಯ ತಾನು! ಮೊದಲ ಫೋನು ಅವನಿಗೇ? ಜಯಶ್ರೀಯನ್ನೂ ಮಷೀನನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಅಮೀನಗಡಕ್ಕೆ ಹಾರಿದ.

ಹೋಗಿ ನೋಡಿದರೆ ದುರ್ಗಪ್ಪ ಸುನಂದಾಳೊಂದಿಗೆ ಆಗಲೇ ಬಂದು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ! ಪಕ್ಕದಲ್ಲಿ ಅವನ ಮಷೀನ್, ಚಾದರದಲ್ಲಿ ಸುತ್ತಿದ್ದು, ಬಾಣಂತಿಯ ಕೂಸಿನಂತೆ ಬೆಚ್ಚಗೆ ಮಲಗಿತ್ತು. ಕೋಣೆಗೆ ಹೋಗಲು ದಾರಿಯಿಲ್ಲದೆ ರೇಣವ್ವ ಅಂಗಳದಲ್ಲೇ ಒಲೆ ಹೂಡಿದ್ದಳು. ದೊಡ್ಡ ಕಡಾಯಿಯಲ್ಲಿ ಬೆಲ್ಲ, ಅಂಟು, ಕೊಬ್ಬರಿ ಕುದಿಯುತ್ತಿದ್ದವು. ಮೂರನೆಯ ಮಗಳು ವಿದ್ಯಾ ಸೌಟು ಆಡಿಸುತ್ತಿದ್ದಳು.

"ಕೊಯ್ಯಲಿಲ್ಲೇನು ಇನ್ನೂ?" ಎಂದ ಮುತ್ತುರಾಜ.

"ನೀವು ಹಿರೇರು ಅಣ್ಣಾರ. ನಿಮ್ಮ ಮುಂದ ನಾ ಹೆಂಗ ಕೈ ಹಾಕ್ಲಿ? ಅದೂ ನಿಮ್ದು ಹತ್ತೊಂಬತ್ತು ಇಂಚು!" ಎಂದ ದುರ್ಗಪ್ಪ, ಚಾದರದ ಅಂಚನ್ನು ಇನ್ನಷ್ಟು ಒಳಗೆ ಸಿಕ್ಕಿಸುತ್ತ.

ಎಂಥ ವಿನಯ! ಮುತ್ತುರಾಜನ ಎದೆ ಉಬ್ಬಿತು. "ಎಲ್ಲಾರೂ ದೂರ ಸರೀರಿ!" ಎಂದು ಆಜ್ಞೆ ಮಾಡಿದ. ವಿದ್ಯಾಳೂ ಸೌಟು ಬಿಟ್ಟು ಕಟ್ಟೆ ಹತ್ತಿದಳು. ಹಗ್ಗ ಜಗ್ಗಿದ. ಮಷೀನ್ ಗುರ್ ಎಂದಿತು. ಟೊಂಗೆಗೆ ತಾಗಿಸಿದ. ಒಂದೇ ಕ್ಷಣ ಬೇವಿನ ಪುಡಿ ಚಿಮ್ಮಿತು. ಅಷ್ಟರಲ್ಲಿ ಚೈನು ಪಟ್ಟಿ ಬಿಟ್ಟು ಪಟಾರನೆ ಜಿಗಿದು, ಗಾಳಿಯಲ್ಲಿ ಕೇರೆಹಾವಿನಂತೆ ಒಮ್ಮೆ ಹೊರಳಿ, ಸೀದಾ ಕಡಾಯಿಯೊಳಗೆ ಬುಳುಕ್ ಎಂದು ಬಿತ್ತು!

ಎಲ್ಲರೂ ಬಗ್ಗಿ ನೋಡಿದರೆ ಚೈನಿನ ಸುಳಿವೇ ಇಲ್ಲ. ಬೆಲ್ಲ ಮಾತ್ರ ಗುಳುಗುಳು ಎನ್ನುತ್ತಿತ್ತು.

"ಕರದಂಟಿಗೆ ಗೋಡಂಬಿ ಹಾಕ್ತಾರ, ಉತ್ತತ್ತಿ ಹಾಕ್ತಾರ. ಚೈನು ಹಾಕೂದು ಇದ ಮೊದಲ ನೋಡಿದ್ದು!" ಎಂದಳು ರೇಣವ್ವ. ಸೌಟಿನಿಂದ ಎತ್ತಿದರೆ ಬೆಲ್ಲದ ಪಾಕ ಮೆತ್ತಿಕೊಂಡ ಚೈನು ನೂಲೆಳೆಯುತ್ತ ಮೇಲೆ ಬಂತು. ಒಂದು ಕಡಾಯಿ ಕರದಂಟು ಮಣ್ಣುಪಾಲು! ಮುತ್ತುರಾಜನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಅದಕ್ಕಿಂತ ದೊಡ್ಡ ಸಂಕಟ ಮುಂದೆ ಇತ್ತು: ಈಗ ದುರ್ಗಪ್ಪ ಏಳುತ್ತಾನೆ, ಬೆಣ್ಣೆ ಕೊಯ್ದಂತೆ ಕೊಯ್ಯುತ್ತಾನೆ, ಜಯಶ್ರೀ ಕಣ್ಣರಳಿಸಿ ನೋಡುತ್ತಾಳೆ!

"ಏಳ್ರಿ ದುರ್ಗಪ್ಪ, ಇನ್ನ ನೀವ ಗತಿ," ಎಂದಳು ರೇಣವ್ವ.

ದುರ್ಗಪ್ಪ ಏಳಲಿಲ್ಲ. "ನನಗ ಯಾಕೋ ಸೊಂಟ ಹಿಡದೈತ್ರಿ ಅತ್ತಿ," ಎಂದ.

"ಬೆಳಿಗ್ಗೆ ಇರಲಿಲ್ಲಲ್ಲ?" ಎಂದು ಸುನಂದಾ ಹುಬ್ಬು ಗಂಟಿಕ್ಕಿ ಚಾದರ ಎಳೆದೇಬಿಟ್ಟಳು. ಒಳಗಿಂದ ಹೊರಬಿದ್ದದ್ದು ಹದಿನೆಂಟು ಇಂಚಿನದ್ದಲ್ಲ. ಇಪ್ಪತ್ತೊಂದು ಇಂಚಿನ ಹೊಚ್ಚಹೊಸ ಪಟ್ಟಿ! ಅದರ ಮೇಲೆ ಚೈನೇ ಇಲ್ಲ!

"ಇದೇನ್ರಿ ಇದು, ಬೋಳು?" ಎಂದಳು ಸುನಂದಾ.

ದುರ್ಗಪ್ಪ ನೆಲ ನೋಡಿದ. "ನೀವು ಹತ್ತೊಂಬತ್ತು ತಂದೀರಂತ ಫೋನಿನ್ಯಾಗ ಕೇಳಿದಾಗಿಂದ ಅನ್ನ ಸೇರವಲ್ದು ಅಣ್ಣಾರ. ಹಳೇ ಪಟ್ಟಿ ಕೊಟ್ಟು ಇಪ್ಪತ್ತೊಂದರದು ಹಾಕಿಸಿದ್ನಿ. ಅದಕ್ಕ ಎಲ್ಲೂ ಚೈನು ಸಿಗವಲ್ದು. ಫಕ್ರುಸಾಬನ ಅಂಗಡಿಗೆ ಹೋಗಬೇಕಂದ್ರ ನಮ್ಮ ಊರಾಗ ನನ್ನ ಮರ್ಯಾದಿ ಪ್ರಶ್ನೆ!"

ಮುತ್ತುರಾಜನ ಹೊಟ್ಟೆಗೆ ತಣ್ಣೀರು ಹೊಯ್ದಂತಾಯಿತು. ಹಾಗಾದರೆ ಈ ಖರೆ ಗಂಡಸಿಗೂ ತನ್ನನ್ನು ಕಂಡರೆ ಹೊಟ್ಟೆಕಿಚ್ಚು! ಜೀವನದಲ್ಲಿ ಮೊದಲ ಸಲ ಷಡ್ಕನ ಮೇಲೆ ಪ್ರೀತಿ ಉಕ್ಕಿಬಂತು. ಪಕ್ಕದಲ್ಲಿ ಹೋಗಿ ಕುಳಿತ. "ಹಲ್ಲು ಎಣಿಸಬೇಕಂತ ದುರ್ಗಪ್ಪ, ಇಂಚಲ್ಲ," ಎಂದ. "ಹೌದೇನ್ರಿ?" ಎಂದ ಅವನು. ಇಬ್ಬರೂ ಬೆಲ್ಲ ಮೆತ್ತಿದ ಚೈನನ್ನು ನಡುವೆ ಹಿಡಿದು ಎಣಿಸಲು ಕೂತರು. ಒಮ್ಮೆ ಎಪ್ಪತ್ತಾರು ಬಂತು, ಇನ್ನೊಮ್ಮೆ ಎಪ್ಪತ್ತೊಂಬತ್ತು. ಮೂರನೆಯ ಸಲ ಬೆರಳುಗಳೇ ಅಂಟಿಕೊಂಡವು.

ತಲೆಯೆತ್ತಿ ನೋಡಿದರೆ ಟೊಂಗೆ ಎರಡು ತುಂಡಾಗಿ ಬಿದ್ದಿತ್ತು! ಪಕ್ಕದ ಬಡಿಗೇರ ಮನೆಯಿಂದ ಇಬ್ಬರು ಎಳೆಯುವ ಗರಗಸ ತಂದು, ಜಯಶ್ರೀ ಒಂದು ಕಡೆ ಸುನಂದಾ ಒಂದು ಕಡೆ ಹಿಡಿದು, ಸೆರಗು ಸಿಕ್ಕಿಸಿಕೊಂಡು ಕೊಯ್ದು ಒಗೆದಿದ್ದರು. ಜಯಶ್ರೀ ಹಣೆಯ ಬೆವರು ಒರೆಸಿಕೊಳ್ಳುತ್ತ ಗಂಡನನ್ನು ನೋಡಿದ್ದೇ ತಡ, ಇಬ್ಬರು ಅಳಿಯಂದಿರೂ ತಲೆ ತಗ್ಗಿಸಿ ಮತ್ತೆ ಹಲ್ಲು ಎಣಿಸತೊಡಗಿದರು.

ಅದೇ ಹೊತ್ತಿಗೆ ರೇಣವ್ವನ ಫೋನು ರಿಂಗಾಯಿತು. ವಿದ್ಯಾಳಿಗೆ ಗಂಡು ಹುಡುಕುತ್ತಿದ್ದ ಹಿರಿಯರು. ರೇಣವ್ವನ ಕೈ ಬೆಲ್ಲವಾಗಿದ್ದರಿಂದ ವಿದ್ಯಾ ಸ್ಪೀಕರ್ ಹಾಕಿ ಹಿಡಿದಳು.

"ಹುಡುಗನ ಮನೀದು ಎಲ್ಲಾ ವಿಚಾರಿಸಿ ಬಂದೇನವ್ವ. ಏನ್ ಕೇಳೂದೈತಿ ಕೇಳು," ಎಂದರು ಅವರು.

"ನೌಕರಿ ಆಮ್ಯಾಲ, ಹೊಲ ಆಮ್ಯಾಲ. ಮೊದಲ ಇದನ್ನ ಹೇಳ್ರಿ. ಅವರ ಮನ್ಯಾಗ ಮರ ಕೊಯ್ಯೂ ಮಷೀನ್ ಐತೇನು?"

"ಇಲ್ಲವ್ವ. ಬೇಕಂದ್ರ ತರಸ್ತಾರ ಬಿಡು."

"ಅಯ್ಯ, ಬ್ಯಾಡ್ರಿ ಬ್ಯಾಡ! ಇಲ್ಲಂದ್ರ ಸಂಬಂಧ ಗಟ್ಟಿ ಮಾಡ್ರಿ. ಕೆಲಸಕ್ಕ ಬಾರದವು ನಮ್ಮಲ್ಲಿ ಆಗಲೇ ಎರಡು ಅದಾವ."

"ಮಷೀನೇನವ್ವ?"

ರೇಣವ್ವ ಕಟ್ಟೆಯ ಮೇಲೆ ಬೆರಳು ಅಂಟಿಸಿಕೊಂಡು ಕುಳಿತ ಇಬ್ಬರನ್ನೂ ಒಮ್ಮೆ ನೋಡಿದಳು.

"ಮಷೀನೂ ಹೌದ್ರಿ," ಎಂದಳು.